ಸೂತ್ರ ಕೈಗೆ ಬಂದ ಕಥೆ

ಕಳೆದ ಆಷಾಢದ ಒಂದು ಭಾನುವಾರ, ಜೆ.ಪಿ. ನಗರದ ನಮ್ಮ ಮನೆಯ ಟೆರೇಸ್ ಮೇಲೆ ಒಂದು ಸೆಕೆಂಡ್ ಹ್ಯಾಂಡ್ ಕೈಟ್ ಬಾರ್ ಹರಡಿಕೊಂಡು ಕೂತಿದ್ದೆ. ಬಿಟಿಎಂ ಲೇಔಟಿನ ಒಬ್ಬರು ಮಾರಾಟಕ್ಕಿಟ್ಟಿದ್ದು. ನೋಡಿ, ಇಷ್ಟವಾದ್ರೆ ಇಟ್ಕೊಳ್ಳಿ ಅಂತ ಕೊಟ್ಟಿದ್ದರು. ಹೊಸದರ ಅರ್ಧಕ್ಕಿಂತ ಕಡಿಮೆ ರೇಟು. ಅರ್ಧ ಮೀಟರಿನ ಹಿಡಿ, ಅದಕ್ಕೆ ಇಪ್ಪತ್ತು ಚಿಲ್ಲರೆ ಮೀಟರಿನ ನಾಲ್ಕು ದಾರ. ಊರಿಂದ ಬಂದಿದ್ದ ಅಪ್ಪ ಕಾಫಿ ಲೋಟ ಹಿಡಿದು ಮೇಲೆ ಬಂದರು.

"ಏನ್ಲಾ ಇದು?"

"ಗಾಳಿಪಟದ ಸೂತ್ರ ಕಣಪ್ಪ. ಸಮುದ್ರದಲ್ಲಿ ಹಲಗೆ ಮೇಲೆ ನಿಂತ್ಕೊಂಡ್ರೆ ಪಟ ನಮ್ಮನ್ನ ಎಳ್ಕೊಂಡು ಹೋಗುತ್ತೆ."

ಅಪ್ಪ ನಗಲಿಲ್ಲ. ಗಾಳಿಪಟ ಅವರಿಗೆ ಚೆನ್ನಾಗಿ ಗೊತ್ತು. ಆಷಾಢ ಬಂತೆಂದರೆ ಹಳೇ ಪೇಪರ್, ಬಿದಿರುಕಡ್ಡಿ, ಅನ್ನದ ಅಗುಳು ಹಿಡಿದು ಕೂತು ನನಗೆ ಪಟ ಮಾಡಿಕೊಡುತ್ತಿದ್ದವರು ಅವರೇ. ಅಂಟಿಸುವ ಕೆಲಸ ನನ್ನದು, ಸೂತ್ರ ಕಟ್ಟುವುದು ಮಾತ್ರ ಅವರದು. ಗಾಳಿ ಜೋರಿದ್ದರೆ ಸೂತ್ರದ ಮೇಲಿನ ಎಳೆಯನ್ನು ಒಂದು ಬೆರಳಷ್ಟು ಗಿಡ್ಡ ಮಾಡೋರು. ಆಗ ಪಟದ ತಲೆ ಗಾಳಿಯ ಕಡೆ ಬಾಗಿ, ಗಾಳಿ ಜಾರಿ ಹೋಗಿ, ಎಳೆತ ಕಡಿಮೆಯಾಗುತ್ತಿತ್ತು. ಗಾಳಿ ಮಂದವಿದ್ದರೆ ಉದ್ದ ಬಿಡೋರು. ಗಂಟು ತಪ್ಪಿದರೆ ಪಟ ಗೋತಾ ಹೊಡೆಯೋದು. ಸರಿ ಮಾಡಬೇಕೆಂದರೆ ಕೆಳಗಿಳಿಸಲೇಬೇಕು.

ಈ ಗಂಟು ನೆಲದಿಂದ ಹಾರಿಸುವವನ ಕೈಗೆ ಬಂದದ್ದೇ ಗಾಳಿಪಟ ಸವಾರಿಯ ಇತಿಹಾಸ.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾರ್ಜ್ ಪೊಕಾಕ್ ಎಂಬ ಮೇಷ್ಟ್ರಿದ್ದರು. 1824ರಲ್ಲಿ ತಮ್ಮ ಮಗಳು ಮಾರ್ಥಾಳನ್ನು ಕುರ್ಚಿಯಲ್ಲಿ ಕೂರಿಸಿ, ಪಟ ಕಟ್ಟಿ ಸುಮಾರು 270 ಅಡಿ ಮೇಲಕ್ಕೆತ್ತಿಸಿದ ಆಸಾಮಿ! (ಆ ಹುಡುಗಿ ಮುಂದೆ ಕ್ರಿಕೆಟಿಗ ಡಬ್ಲ್ಯು.ಜಿ. ಗ್ರೇಸ್ ಅವರ ತಾಯಿಯಾದಳು.) 1826ರಲ್ಲಿ ಪೊಕಾಕ್ ಪಟ ಎಳೆಯುವ ಗಾಡಿಗೆ ಪೇಟೆಂಟ್ ಪಡೆದರು. ಆಗ ಟೋಲ್ ಲೆಕ್ಕ ಹಾಕುತ್ತಿದ್ದದ್ದು ಕುದುರೆ ಎಣಿಸಿ. ಇವರ ಗಾಡಿಗೆ ಕುದುರೆಯೇ ಇಲ್ಲವಾದ್ದರಿಂದ ಟೋಲೂ ಇಲ್ಲ. ದಿನಾ ಎಲೆಕ್ಟ್ರಾನಿಕ್ ಸಿಟಿಗೆ ಟೋಲ್ ಕಟ್ಟಿ ಹೋಗುವ ನನಗೆ ಇದನ್ನು ಓದಿ ಹೊಟ್ಟೆ ಉರಿಯಿತು. ಅದಕ್ಕಿಂತ ಮುಖ್ಯ ವಿಷಯ ಅವರ ಪಟಕ್ಕೆ ಇದ್ದ ನಾಲ್ಕು ದಾರ. ಗಾಡಿ ಓಡುತ್ತಿರುವಾಗಲೇ ಪಟದ ಓರೆ ಬದಲಿಸಬಹುದಿತ್ತು. ಅಪ್ಪನ ಗಂಟು ಮೊದಲ ಸಲ ಕೈಗೆ ಬಂದದ್ದು ಅಲ್ಲಿ.

1903ರಲ್ಲಿ ಸ್ಯಾಮ್ಯುಯೆಲ್ ಕೋಡಿ ಪಟ ಎಳೆದ ದೋಣಿಯಲ್ಲಿ ಇಂಗ್ಲಿಷ್ ಕಾಲುವೆ ದಾಟಿದರು. ಆದರೆ ನೀರಿಗೆ ಬಿದ್ದ ಪಟವನ್ನು ಮತ್ತೆ ಎಬ್ಬಿಸುವುದು ಹೇಗೆ? ಫ್ರಾನ್ಸಿನ ಬ್ರೂನೋ ಮತ್ತು ಡೊಮಿನಿಕ್ ಲೆಗೆನ್ಯೂ ಸಹೋದರರು 1984ರಲ್ಲಿ ಗಾಳಿ ತುಂಬಿದ ಕೊಳವೆಗಳ ಪಟಕ್ಕೆ ಪೇಟೆಂಟ್ ಹಾಕಿದರು. 1997ರಲ್ಲಿ ಅದು 'ವಿಪಿಕಾ' ಹೆಸರಲ್ಲಿ ಮಾರುಕಟ್ಟೆಗೆ ಬಂತು, ಕೈಟ್‌ಸರ್ಫಿಂಗ್ ಆಟ ಹಬ್ಬಿತು. ಆದರೆ ಆ ಕಾಲದ ಪಟಗಳಲ್ಲಿ ಬಾರ್ ಎಷ್ಟು ದೂರ ತಳ್ಳಿದರೂ ಎಳೆತ ಪೂರ್ತಿ ಇಳಿಯುತ್ತಿರಲಿಲ್ಲ. ಗಾಳಿಯ ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟಾಗುತ್ತೆ. ಒಂದು ಬೀಸುಗಾಳಿ ಬಂದರೆ ಕತೆ ಮುಗೀತು. 2005ರ ಹೊತ್ತಿಗೆ ಅದೇ ಸಹೋದರರ 'ಬೋ' ಪಟ ಬಂದ ಮೇಲೆ, ಬಾರ್ ತಳ್ಳಿದರೆ ಎಳೆತ ಹೆಚ್ಚುಕಡಿಮೆ ಸೊನ್ನೆಗೆ ಇಳಿಯುವಂತಾಯಿತು.

ಲೆಕ್ಕ ಸುಲಭ. ಮುಂದಿನ ಎರಡು ದಾರ ನಮ್ಮ ಸೊಂಟದ ಹಾರ್ನೆಸ್‌ಗೆ, ಹಿಂದಿನ ಎರಡು ಬಾರಿನ ಎರಡು ತುದಿಗೆ. ಬಾರ್ ಎಳೆದರೆ ಪಟದ ಹಿಂಭಾಗ ಕೆಳಗೆ ಬಂದು ಗಾಳಿ ಹಿಡಿಯುತ್ತೆ, ತಳ್ಳಿದರೆ ಸಡಿಲವಾಗಿ ಗಾಳಿ ಬಿಡುತ್ತೆ. ಅತಿಯಾಗಿ ಎಳೆದರೆ ಪಟ ಹಾರುವುದನ್ನೇ ನಿಲ್ಲಿಸುತ್ತೆ. ಮಧ್ಯದ ಟ್ರಿಮ್ ಪಟ್ಟಿ ಎಳೆದು ಮುಂದಿನ ದಾರಗಳನ್ನು ಗಿಡ್ಡ ಮಾಡಿದರೆ ಒಟ್ಟು ಶಕ್ತಿಯೇ ತಗ್ಗುತ್ತೆ. ಥೇಟ್ ಅಪ್ಪನ ಬೆರಳಳತೆ. ಚಿಕ್ಕ ಪಟಕ್ಕೆ ಗಿಡ್ಡ ಬಾರ್, ದೊಡ್ಡದಕ್ಕೆ ಉದ್ದ ಬಾರ್. ಇಷ್ಟನ್ನೂ ಟೆರೇಸಿನಲ್ಲಿ ಅಪ್ಪನಿಗೆ ತೋರಿಸಿದೆ.

ಅವರು ಕೇಳಿದ್ದು ಒಂದೇ. "ಎತ್ತು ಬೆದರಿದ್ರೆ ಹಗ್ಗ ಬಿಟ್ಬುಡ್ಬೇಕು ಮಗ, ಇಲ್ದಿದ್ರೆ ನಮ್ಮುನ್ನೂ ಎಳ್ಕೊಂಡೋಯ್ತದೆ. ಇದ್ನ ಬುಡೋದೆಂಗೆ?"

ಅದಕ್ಕೇ ಕ್ವಿಕ್ ರಿಲೀಸ್ ಇರೋದು. ತಳ್ಳಿದರೆ ಬಾರ್ ಕಳಚಿ, ಪಟ ಒಂದೇ ದಾರದಲ್ಲಿ ನೇತಾಡುತ್ತಾ ಬಲ ಕಳೆದುಕೊಳ್ಳುತ್ತೆ. ರಾಮೇಶ್ವರದಲ್ಲಿ ಕಲಿಯುವಾಗ ಮೊದಲ ದಿನ ಪೂರ್ತಿ ಅದನ್ನೇ ಮಾಡಿಸಿದ್ದರು. ಮೂರನೇ ದಿನ ಬೀಸುಗಾಳಿ ನನ್ನನ್ನು ಮರಳಿನ ಮೇಲೆ ಹತ್ತು ಮಾರು ಎಳೆದುಕೊಂಡು ಹೋದಾಗ ಕೈ ತಾನಾಗೇ ಅಲ್ಲಿಗೆ ಹೋಗಿತ್ತು.

ದಾರಗಳನ್ನು ನೀರಿನ ಟ್ಯಾಂಕಿನ ಕಂಬಕ್ಕೆ ಕಟ್ಟಿ, ಹಾರ್ನೆಸ್ ತೊಟ್ಟು, ಭಾರ ಬಿಟ್ಟು ರಿಲೀಸ್ ತಳ್ಳಿದೆ. ಬಿಚ್ಚಲಿಲ್ಲ. ಎರಡೂ ಕೈಯಲ್ಲಿ ತಳ್ಳಿದರೂ ಬಿಚ್ಚಲಿಲ್ಲ. ಒಳಗೆ ಉಪ್ಪು, ಮರಳು ಗಟ್ಟಿಯಾಗಿ ಕೂತಿತ್ತು. ಬಣ್ಣ, ಅಳತೆ, ರೇಟು ಎಲ್ಲ ನೋಡಿದ್ದ ನಾನು ಅದೊಂದನ್ನು ನೋಡಿರಲಿಲ್ಲ. ರೋಲ್‌ಬ್ಯಾಕ್ ಇಲ್ಲದೆ ಪ್ರೊಡಕ್ಷನ್‌ಗೆ ಏನನ್ನೂ ಬಿಡಬೇಡಿ ಅಂತ ಟೀಮಿನ ಹುಡುಗರಿಗೆ ದಿನಾ ಬೈಯುವವನೂ ನಾನೇ.

ಸಂಜೆ ಬಾರ್ ವಾಪಸ್ ಕೊಟ್ಟು, ರಿಲೀಸ್ ಕೆಟ್ಟಿದೆ, ಸರಿಮಾಡದೆ ಯಾರಿಗೂ ಮಾರಬೇಡಿ ಅಂದೆ. ದುಡ್ಡು ಕೂಡಿಸಿ ಹೊಸದೇ ತಗೋತೀನಿ.

ದಿಕ್ಕು ತಪ್ಪಿದವರನ್ನು ಸೂತ್ರ ಹರಿದ ಗಾಳಿಪಟ ಅಂತೀವಿ. ಆದರೆ ಪಟವೇ ನಮ್ಮನ್ನು ಎಳೆಯುವಾಗ ಬೇಕಾಗೋದು ಬೇಕೆಂದಾಗ ಬಿಚ್ಚಿಕೊಳ್ಳುವ ಸೂತ್ರ. ಬನಶಂಕರಿ ಕಡೆಯ ಆಕಾಶದಲ್ಲಿ ಆವತ್ತು ಎರಡು ಪಟ ಹಾರುತ್ತಿದ್ದವು. ಅಪ್ಪ ಒಂದನ್ನು ತೋರಿಸಿ, "ಅದುಕ್ಕೆ ಮೇಲೆಳೆ ಉದ್ದಾಯ್ತು" ಅಂದರು. ಎರಡು ನಿಮಿಷಕ್ಕೆ ಅದು ಗೋತಾ ಹೊಡೆಯಿತು.