ತಗಡಿನ ಉಗಿದೋಣಿಯ ಚರಿತ್ರೆ

ಕೃಷ್ಣಾ ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿನಲ್ಲಿ ದೋಣಿಯೆಂದರೆ ಬಹುಕಾಲ ಹರಿಗೋಲೇ ಆಗಿದ್ದಿತು. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಾಯಸನು, ಬೆತ್ತದಿಂದ ಹೆಣೆದು ತೊಗಲು ಹೊದಿಸಿದ ಈ ಬುಟ್ಟಿದೋಣಿಯಲ್ಲಿ 15-20 ಮಂದಿ ಹೊಳೆ ದಾಟುತ್ತಿದ್ದರೆಂದೂ, ಅದು ನೆಟ್ಟಗೆ ಸಾಗದೆ ಸುತ್ತುತ್ತಲೇ ಹೋಗುತ್ತಿದ್ದಿತೆಂದೂ ಬರೆದಿಟ್ಟಿದ್ದಾನೆ. ಹುಟ್ಟು ಹಾಕುವವನ ತೋಳೇ ಅದಕ್ಕೆ ಯಂತ್ರ. ನದಿಗಳಿಂದ ದೂರವಾದ ಸಿಂಧನೂರು, ಮಸ್ಕಿಗಳ ಬಯಲಿನಲ್ಲಾದರೋ 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಹರಿಯುವವರೆಗೆ ಹರಿಗೋಲಿನ ನೋಟವೂ ಅಪರೂಪವೇ.

ಆದರೆ ಎಳೆಯರ ಉಗಿದೋಣಿಗೆ ಹೊಳೆ ಬೇಕಿಲ್ಲ. ಒಂದು ಕೊಪ್ಪರಿಗೆ ನೀರು ಸಾಕು. ಭಾರತದ ಜಾತ್ರೆಗಳಲ್ಲಿ ಮಾರಲ್ಪಡುವ, ಪಟಪಟ ಸದ್ದು ಮಾಡುತ್ತ ಸಾಗುವ ತಗಡಿನ ದೋಣಿಯನ್ನು ಕಾಣದ ಮನೆಗಳು ವಿರಳ. ಈ ಬಗೆಯ ದೋಣಿಗೆ ಥಾಮಸ್ ಪಿಯೊ ಎಂಬಾತನು 1891ರಲ್ಲಿ ಇಂಗ್ಲೆಂಡಿನಲ್ಲಿ ಹಕ್ಕುಪತ್ರವನ್ನು ಬೇಡಿದನು. 1915ರಲ್ಲಿ ಅಮೆರಿಕದ ಚಾರ್ಲ್ಸ್ ಮೆಕ್‌ಹ್ಯೂ ಎಂಬಾತನು ಕುದಿಪಾತ್ರೆಗೆ ತೆಳುವಾದ ಲೋಹದ ಪೊರೆಯ ಹೊದಿಕೆಯನ್ನು ಯೋಜಿಸಿದನು. ಈ ಪೊರೆ ಉಬ್ಬಿ ತಗ್ಗುವುದರಿಂದಲೇ ಆ ಸದ್ದು ಹುಟ್ಟುವುದು.

ಇದರಲ್ಲಿ ಚಕ್ರವಿಲ್ಲ, ಕೊಂತವಿಲ್ಲ. ದೀಪದ ಕಾವಿಗೆ ಪಾತ್ರೆಯ ನೀರು ಉಗಿಯಾಗಿ, ಕೊಳವೆಗಳೊಳಗಿನ ನೀರನ್ನು ಹಿಂದಕ್ಕೆ ತಳ್ಳುವುದು; ಉಗಿ ತಣಿದೊಡನೆ ನೀರು ಮರಳಿ ಒಳಸೇರುವುದು. ತಳ್ಳಿದಷ್ಟೇ ನೀರನ್ನು ಸೆಳೆದುಕೊಂಡರೂ ದೋಣಿ ಮುಂದಕ್ಕೇ ಹೋಗುವುದೇಕೆ? ಹೊರಬೀಳುವ ನೀರು ಧಾರೆಯಾಗಿ ಒಂದೇ ದಿಕ್ಕಿಗೆ ಚಿಮ್ಮುವುದು. ಒಳಬರುವ ನೀರು ಎಲ್ಲ ಕಡೆಯಿಂದಲೂ ಕೂಡಿ ಬಂದು, ದೋಣಿಯೊಳಗೇ ತನ್ನ ವೇಗವನ್ನು ಕಳೆದುಕೊಳ್ಳುವುದು. ಆದುದರಿಂದ ಸೆಳೆತವು ತಳ್ಳಿಕೆಯನ್ನು ಅಳಿಸಲಾರದು.

ಇಂಗ್ಲೆಂಡಿನಲ್ಲಿ ಪ್ರೌಢರೂ ಸಣ್ಣ ಯಂತ್ರನೌಕೆಗಳನ್ನು ಕಟ್ಟಿ ಓಡಿಸಿದರು. ಲಂಡನ್ನಿನ ವಿಕ್ಟೋರಿಯಾ ಉದ್ಯಾನದ ಕೊಳದಲ್ಲಿ 1904ರಿಂದಲೇ ಇದಕ್ಕೊಂದು ಸಂಘವಿದ್ದಿತು. ಹಳೆಯ ಉಗಿದೋಣಿಗಳೂ ಎಣ್ಣೆಯ ಯಂತ್ರದ ದೋಣಿಗಳೂ ಇಂದು ಸಂಗ್ರಾಹಕರ ಪಾಲಿಗೆ ಅಮೂಲ್ಯ ವಸ್ತುಗಳಾಗಿವೆ.

ಇಲ್ಲಿಯೇ ಒಂದು ಧರ್ಮಸಂಕಟವುಂಟು. ಗಾಜಿನ ಪೆಟ್ಟಿಗೆಯಲ್ಲಿರಿಸಿದ ದೋಣಿಯು ರೂಪವನ್ನು ಉಳಿಸಿಕೊಂಡರೂ ತನ್ನ ಸ್ವಭಾವವನ್ನು ತೋರಿಸಲಾರದು, ಓಡಿಸಿದರೆ ಸವೆಯುವುದು. ದೀಪ ಹಚ್ಚುವ ಮುನ್ನ ಒಂದು ಕೊಳವೆಯಿಂದ ನೀರೆರೆದು ಮತ್ತೊಂದರಿಂದ ಹೊರಬರುವಂತೆ ತುಂಬಬೇಕು. ಉರಿಯುವ ದೀಪದೊಡನೆ ದೋಣಿಯನ್ನು ನೀರಿನಿಂದೆತ್ತಿದರೆ ಪಾತ್ರೆ ಬತ್ತಿ ಬೆಸುಗೆ ಕರಗುವುದು. ಆಟ ಮುಗಿದ ಮೇಲೆ ನೀರನ್ನು ಬಸಿದು, ಮಸಿಯನ್ನೊರಸಿ, ಒಣಗಿಸಿ, ತೆಳುವಾಗಿ ಎಣ್ಣೆ ಸವರದಿದ್ದರೆ ತುಕ್ಕು ಬಿಡದು. ಹರಿದ ಪೊರೆಗೆ ಬದಲಾಗಿ ಹೊಸದನ್ನು ಹಚ್ಚಿದರೆ ದೋಣಿ ಓಡುವುದು. ಆದರೆ ಹಳೆಯ ಪೊರೆಯನ್ನೂ ಜೊತೆಯಲ್ಲಿಯೇ ಇರಿಸುವವನು ಚರಿತ್ರೆಗೆ ಎರಡು ಪಟ್ಟು ಉಪಕಾರಿ.

ಮೆಕ್‌ಹ್ಯೂವಿನ ಯೋಜನೆ ಹೊರಟ 1915ರಲ್ಲಿಯೇ ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನವು ಬೆಳಕಿಗೆ ಬಂದಿತು. ಕಲ್ಲು ಎರಡು ಸಾವಿರಕ್ಕೂ ಮಿಕ್ಕಿ ವರ್ಷಗಳ ಕಾಲ ಯಾರ ಆರೈಕೆಯೂ ಇಲ್ಲದೆ ತನ್ನ ಮಾತನ್ನು ಕಾಯ್ದುಕೊಂಡಿತು. ತಗಡಿಗೆ ಆ ಆಯುಷ್ಯವಿಲ್ಲ. ಜಾತ್ರೆಯಿಂದ ತಂದ ಮರುದಿನವೇ ಮೂಲೆಗೆ ಬೀಳುವ ಆ ಚಿಕ್ಕ ದೋಣಿ ಉಳಿಯಬೇಕಾದರೆ, ಯಾರಾದರೊಬ್ಬರು ಅದನ್ನು ಪ್ರತಿಸಲವೂ ಒರಸಿ ಇಡಬೇಕು.