ಉಲಿಯದ ಕಕಾರ

ಇಂಗ್ಲಿಷ್ ಕಲಿಯತೊಡಗಿದಾಗ ನಮ್ಮನ್ನು ಬಹಳವಾಗಿ ಕಾಡಿದವು ಕೆ, ಎನ್ ಎಂಬ ಜೋಡಿಯಿಂದ ಮೊದಲಾಗುವ ಪುಟ್ಟ ಪದಗಳು. ನೀ ಎಂದರೆ ಮೊಣಕಾಲು, ನಾಟ್ ಎಂದರೆ ಗಂಟು, ನೋ ಎಂದರೆ ಅರಿ. ಕೆ ಬರೆಯದಿದ್ದರೂ ಬೆತ್ತ, ಉಚ್ಚರಿಸಿದರೂ ಬೆತ್ತ!

ಅದು ಹುಟ್ಟುಮೂಕವಲ್ಲ. ಹಿಂದಿನ ಇಂಗ್ಲಿಷರು ಅದನ್ನು ಸ್ಪಷ್ಟವಾಗಿಯೇ ನುಡಿಯುತ್ತಿದ್ದರು. 1476ರಲ್ಲಿ ಕ್ಯಾಕ್ಸ್‌ಟನ್ನನು ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ತೆರೆದ ಬಳಿಕ ಬರಹದ ರೂಪವು ಕ್ರಮೇಣ ನೆಲೆಗೊಂಡಿತು. ನಾಲಗೆ ಮಾತ್ರ ನಿಲ್ಲಲಿಲ್ಲ. 17ನೆಯ ಶತಮಾನದ ಕೊನೆಯ ಹೊತ್ತಿಗೆ ಕಕಾರವು ಬಾಯಿಂದ ಜಾರತೊಡಗಿತ್ತು. ಜರ್ಮನರ ಮೊಣಕಾಲು ಇಂದಿಗೂ ಕ್ನೀ.

ಅರ್ಥಗಳ ಗತಿಯೂ ವಿಚಿತ್ರವೇ. ನೈಟ್, ನೇವ್ ಎರಡಕ್ಕೂ ಮೊದಲು ಹುಡುಗನೆಂದೇ ಅರ್ಥ. ಮುಂದೆ ಆಳು ಎಂದಾಯಿತು. ಬಳಿಕ ಒಬ್ಬನು ಕುದುರೆಯೇರಿ ವೀರನಾದನು. ಮತ್ತೊಬ್ಬನು ಠಕ್ಕನೆನಿಸಿ, ಇಸ್ಪೀಟಿನಲ್ಲಿ ಗುಲಾಮನಾಗಿ ಕುಳಿತನು.

ನಾವು ಶಪಿಸಿದ ಆ ಕಕಾರವು ಸಂಸ್ಕೃತದ ಜಕಾರಕ್ಕೆ ದಾಯಾದಿಯೆಂದು ತಿಳಿದದ್ದು ಬಹು ತಡವಾಗಿ: ನೋ ಎಂಬುದೂ ಜ್ಞಾ ಧಾತುವೂ ಒಂದೇ ಬೇರಿನವು, ನೀ ಎಂಬುದೂ ಜಾನುವೂ ಹಾಗೆಯೇ.

ನಮ್ಮ ೞಕಾರಕ್ಕೆ ಇಂಥ ಭಾಗ್ಯ ಒದಗಲಿಲ್ಲ. ಉಲಿಯು ಳಕಾರದಲ್ಲಿ ಬೆರೆತ ಮೇಲೆ ನಮ್ಮವರು ಅಕ್ಷರವನ್ನೂ ಕೈಬಿಟ್ಟರು. ಬಾೞ್ ಎಂಬುದು ಬಾಳು ಆಯಿತು. ಗಡಿಯಲ್ಲಿರುವ ನಾವು ಆ ಉಲಿಯನ್ನು ಮಲೆಯಾಳಿ ನೆರೆಯವರ ಬಾಯಿಂದ ಈಗಲೂ ಕೇಳುತ್ತೇವೆ.