ಹಾಸ್ಟೆಲ್ಲೊ, ಸಂಘವೊ, ಜಾತಿಯೊ?

"ಸೊರಾರಿಟಿ ಅಂದ್ರ ಏನ್ರೀ? ಅದು ಹಾಸ್ಟೆಲ್ಲೊ, ಸಂಘಾನೊ, ಇಲ್ಲಾ ಅಲ್ಲಿ ಜಾತಿನೊ?"

ಆಂಟಾಪ್ ಹಿಲ್‌ನ ಕೇಂದ್ರ ಸರ್ಕಾರಿ ಕ್ವಾರ್ಟರ್ಸಿನಲ್ಲಿರುವ, ನಾವೆಲ್ಲ ವೈನಿ ಎಂದು ಕರೆಯುವ ಧಾರವಾಡದ ಹೆಣ್ಣುಮಗಳೊಬ್ಬರು ನನ್ನನ್ನು ಕೇಳಿದ ಪ್ರಶ್ನೆ ಇದು. ಅವರ ಅಣ್ಣ ಅಮೆರಿಕದಲ್ಲಿದ್ದಾರೆ. ಅಣ್ಣನ ಮಗಳು ಅಲ್ಲೇ ಹುಟ್ಟಿ ಬೆಳೆದವಳು, ಆಗಸ್ಟಿನಲ್ಲಿ ದಕ್ಷಿಣದ ಒಂದು ರಾಜ್ಯದ ವಿಶ್ವವಿದ್ಯಾಲಯ ಸೇರಿದ್ದಳು. ಕ್ಲಾಸು ಶುರುವಾಗುವ ಮೊದಲೇ ಸೊರಾರಿಟಿ ಆಯ್ಕೆಗೆಂದು ಮನೆ ಮನೆ ಹತ್ತಿಳಿದು, ಮೂರನೆಯ ದಿನ ಅಪ್ಪನಿಗೆ ಫೋನ್ ಮಾಡಿ ಅತ್ತಿದ್ದಳಂತೆ. ಹನ್ನೆರಡು ಮನೆಗಳಲ್ಲಿ ಒಂಬತ್ತು ಮನೆಯವರು ಅವಳನ್ನು ಮತ್ತೆ ಕರೆದಿರಲಿಲ್ಲ. ಕಾರಣ ಯಾರೂ ಹೇಳಿರಲಿಲ್ಲ. ಅಪ್ಪ ಇಂಜಿನಿಯರ್. ಮಾರ್ಕ್ಸ್ ಕಮ್ಮಿಯಾಗಿ ಸೀಟು ಹೋಗುವುದು ಅವರಿಗೆ ಅರ್ಥವಾಗುತ್ತದೆ, ಕಾರಣವೇ ಇಲ್ಲದೆ ಹೋಗುವುದು ಅರ್ಥವಾಗುವುದಿಲ್ಲ. ಅವರು ತಂಗಿಗೆ ಫೋನ್ ಮಾಡಿದರು, ತಂಗಿ ನನ್ನನ್ನು ಹಿಡಿದರು. ಐಟಿಯವನಿಗೆ ಅಮೆರಿಕದ್ದೆಲ್ಲ ಗೊತ್ತಿರುತ್ತದೆ ಎಂಬುದು ನಮ್ಮ ಕಾಲೊನಿಯ ಹಳೆಯ ನಂಬಿಕೆ.

ನನಗೆ ಗೊತ್ತಿರಲಿಲ್ಲ. ಓದಿ ನೋಡಿದ ಮೇಲೆ ವೈನಿ ಕೇಳಿದ ಮೂರೂ ಸರಿ ಅನ್ನಿಸಿತು. ಅದು ಹೇಗೆ ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಕಾಲೇಜುಗಳಲ್ಲಿ ಗಂಡು ಹುಡುಗರ ಗುಟ್ಟಿನ ಸಂಘಗಳಿದ್ದವು. ಗ್ರೀಕ್ ಅಕ್ಷರಗಳ ಹೆಸರು, ಎದೆಗೊಂದು ಬ್ಯಾಡ್ಜು, ಒಳಗಿನವರಿಗಷ್ಟೇ ಗೊತ್ತಿರುವ ಪ್ರತಿಜ್ಞೆ. ಹೆಣ್ಣುಮಕ್ಕಳು ತಮ್ಮದೇ ಕೂಟ ಕಟ್ಟಿಕೊಂಡದ್ದು 1851ರಲ್ಲಿ, ಜಾರ್ಜಿಯಾದ ಮೇಕನ್ ಊರಿನ ಮಹಿಳಾ ಕಾಲೇಜಿನಲ್ಲಿ. ಆಲ್ಫಾ ಡೆಲ್ಟಾ ಪೈ ತನ್ನ ಹುಟ್ಟನ್ನು ಅಲ್ಲಿಂದ ಲೆಕ್ಕ ಹಾಕುತ್ತದೆ. ನನಗೆ ಹೆಚ್ಚು ಹಿಡಿಸಿದ್ದು 1870ರ ಇಂಡಿಯಾನಾದ ಕಥೆ. ಗಂಡಸರ ಕಾಲೇಜಿಗೆ ಹೊಸದಾಗಿ ಸೇರಿದ ಬೆರಳೆಣಿಕೆಯ ಹುಡುಗಿಯರಲ್ಲಿ ಬೆಟ್ಟಿ ಲಾಕ್ ಒಬ್ಬಳು. ಒಂದು ಹುಡುಗರ ಸಂಘ ಆಕೆಗೆ ತನ್ನ ಬ್ಯಾಡ್ಜು ಕೊಡಲು ಬಂತು. ಧರಿಸಿಕೊಳ್ಳಬಹುದು, ಆದರೆ ಸದಸ್ಯತ್ವವಿಲ್ಲ. ಆಕೆ ಬೇಡವೆಂದು ಗೆಳತಿಯರೊಂದಿಗೆ ಕಾಪಾ ಆಲ್ಫಾ ಥೀಟಾ ಕಟ್ಟಿದಳು. ಆಗಿನ್ನೂ ಇಂಥ ಸಂಘಗಳಿಗೆ ಸೊರಾರಿಟಿ ಎಂಬ ಹೆಸರಿರಲಿಲ್ಲ. ಸಿರಾಕ್ಯೂಸಿನ ಗಾಮಾ ಫೈ ಬೀಟಾದ ಹುಡುಗಿಯರಿಗಾಗಿ ಫ್ರಾಂಕ್ ಸ್ಮಾಲಿ ಎಂಬ ಲ್ಯಾಟಿನ್ ಮೇಷ್ಟ್ರು, ಅಕ್ಕತಂಗಿ ಎಂಬರ್ಥದ 'ಸೊರೋರ್' ಇಟ್ಟುಕೊಂಡು ಆ ಹೆಸರನ್ನು ಸೂಚಿಸಿದರು.

ಸಂಘಗಳು ಹೆಚ್ಚಿದ ಹಾಗೆ ಪೈಪೋಟಿ ಹೆಚ್ಚಿತು. ಊರಿನ ಸ್ಟೇಷನ್ನಿನಲ್ಲಿ ಹೊಸ ವಿದ್ಯಾರ್ಥಿ ರೈಲಿಳಿಯುತ್ತಿದ್ದಂತೆ ಸಂಘದವರು ನುಗ್ಗಿ ಹಿಡಿಯುತ್ತಿದ್ದರಂತೆ. ಈ ಆಯ್ಕೆಗೆ 'ರಷ್' ಎಂಬ ಹೆಸರು ಬಂದದ್ದು ಹಾಗೆ ಎನ್ನುತ್ತಾರೆ. ದಾದರ್ ಸ್ಟೇಷನ್ನಿನಲ್ಲಿ ಟ್ರಂಕಿನ ಸಮೇತ ಇಳಿದ ಊರಿನ ಹುಡುಗನನ್ನು ಹೋಟೆಲಿನ ಮಾವ ಬಂದು ಕರೆದೊಯ್ಯುತ್ತಿದ್ದುದನ್ನು ನಮ್ಮ ಹಿರಿಯರಿಂದ ಕೇಳಿದವರಿಗೆ ಇದು ಹೊಸದಲ್ಲ. ಈ ನೂಕುನುಗ್ಗಲಿಗೆ ನಿಯಮ ತರಲು 1891ರಲ್ಲಿ ಬಾಸ್ಟನ್ನಿನಲ್ಲಿ ಒಮ್ಮೆ ಸಂಘಗಳೆಲ್ಲ ಸೇರಿ ನೋಡಿದವು. 1902ರಲ್ಲಿ ಶಿಕಾಗೋದಲ್ಲಿ ಸೇರಿದಾಗ ಕೂಟ ಗಟ್ಟಿಯಾಯಿತು. ನ್ಯಾಶನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್ ಎಂಬ ಆ ಒಕ್ಕೂಟದಲ್ಲಿ ಇಂದು 26 ಸೊರಾರಿಟಿಗಳಿವೆ.

ಇನ್ನು ಆ ಒಂದು ವಾರದ ಕೆಲಸ. ಪ್ರಾಜೆಕ್ಟ್ ಮ್ಯಾನೇಜರನಾಗಿ ಹೇಳುತ್ತೇನೆ, ಪ್ರೊಸೆಸ್ ಬಲು ಅಚ್ಚುಕಟ್ಟು.

ಹುಡುಗಿ ಮೊದಲೇ ಹೆಸರು ನೋಂದಾಯಿಸಿ ಶುಲ್ಕ ಕಟ್ಟಬೇಕು. ಫೋಟೋ, ಹೈಸ್ಕೂಲಿನ ಅಂಕ, ಮಾಡಿದ ಸೇವೆ, ಬಂಧುಗಳಲ್ಲಿ ಯಾರಾದರೂ ಯಾವುದಾದರೂ ಸೊರಾರಿಟಿಯವರೇ ಎಂಬುದೆಲ್ಲ ಫಾರಮ್ಮಿನಲ್ಲಿರುತ್ತದೆ. ಹಳೆಯ ಸದಸ್ಯೆಯರಿಂದ ಶಿಫಾರಸು ಪತ್ರ ತರಿಸುವುದು ದಕ್ಷಿಣದಲ್ಲಿ ದೊಡ್ಡ ರೂಢಿ. ಸೊರಾರಿಟಿಯಲ್ಲಿದ್ದವರ ಮಗಳಿಗೋ ತಂಗಿಗೋ 'ಲೆಗಸಿ' ಎಂದು ಹೆಸರು. ಆಕೆಗೆ ಆದ್ಯತೆ ಕೊಡುವ ಪದ್ಧತಿಯನ್ನು ಕೆಲವು ಸಂಸ್ಥೆಗಳು ಈಚೆಗೆ ಬಿಟ್ಟಿವೆ. ಮೊದಲ ಸುತ್ತಿನಲ್ಲಿ ಎಲ್ಲ ಹುಡುಗಿಯರೂ ಎಲ್ಲ ಮನೆಗಳಿಗೂ ಹೋಗುತ್ತಾರೆ. ಒಂದೊಂದು ಕಡೆ ಅರ್ಧ ಗಂಟೆಯೊಳಗೆ ಮಾತು, ನಗು, ಹಾಡು. ಸಂಜೆ ಹುಡುಗಿ ತನಗೆ ಹಿಡಿಸಿದ ಮನೆಗಳನ್ನು ಕ್ರಮವಾಗಿ ಗುರುತಿಸುತ್ತಾಳೆ, ಮನೆಯವರು ಮತ್ತೆ ಕರೆಯಬೇಕಾದವರ ಪಟ್ಟಿ ಮಾಡುತ್ತಾರೆ. ರಾತ್ರಿ ಕಂಪ್ಯೂಟರ್ ಎರಡನ್ನೂ ಕೂಡಿಸುತ್ತದೆ. ಬೆಳಗ್ಗೆ ಹುಡುಗಿಯ ಕೈಗೆ ಹೊಸ ವೇಳಾಪಟ್ಟಿ, ಮೊದಲಿಗಿಂತ ಚಿಕ್ಕದು. ಎರಡನೆಯ, ಮೂರನೆಯ ಸುತ್ತಿನಲ್ಲಿ ಸಮಾಜಸೇವೆಯ ಪರಿಚಯ, ಮನೆ ತೋರಿಸುವುದು. ಕೊನೆಯ 'ಪ್ರಿಫರೆನ್ಸ್' ಸುತ್ತಿಗೆ ಉಳಿಯುವುದು ಎರಡೋ ಮೂರೋ ಮನೆ. ಅಲ್ಲಿ ದೀಪ ತಗ್ಗಿಸಿ, ಗಂಭೀರವಾಗಿ, ಕೆಲವೊಮ್ಮೆ ಕಣ್ಣೀರಿನೊಂದಿಗೆ ಮಾತಾಡುತ್ತಾರೆ.

ಅದು ಮುಗಿದೊಡನೆ ಹುಡುಗಿ ಒಂದು ಒಪ್ಪಂದಕ್ಕೆ ಸಹಿ ಹಾಕಿ ಕೊನೆಯ ಆಯ್ಕೆ ಬರೆಯುತ್ತಾಳೆ. ಆ ಚೀಟಿಯಲ್ಲಿ ಬರೆದ ಮನೆ ಸಿಕ್ಕಿದ ಮೇಲೆ ಒಲ್ಲೆ ಎಂದರೆ, ಮುಂದಿನ ವರ್ಷದ ಆಯ್ಕೆಯವರೆಗೆ ಅದೇ ಕ್ಯಾಂಪಸ್ಸಿನ ಒಕ್ಕೂಟದ ಬೇರಾವ ಮನೆಗೂ ಸೇರುವಂತಿಲ್ಲ. ಮನೆಗಳಿಗೂ ಮಿತಿಯಿದೆ. ಉದಾಹರಣೆಗೆ ಕೊನೆಯ ಹಂತದಲ್ಲಿ 600 ಹುಡುಗಿಯರು, 12 ಮನೆಗಳಿದ್ದರೆ ಒಂದೊಂದಕ್ಕೆ ಸುಮಾರು 50 ಕೋಟಾ. ಹೊಂದಾಣಿಕೆಯಾದ ಮೇಲೆ 'ಬಿಡ್ ಡೇ'. ಲಕೋಟೆ ಒಡೆದು, ಕಿರುಚಿ, ಹೊಸ ಮನೆಯತ್ತ ಓಡುವ ವಿಡಿಯೋಗಳನ್ನು ನೀವೂ ನೋಡಿರಬಹುದು.

ಜನಪ್ರಿಯ ಮನೆಗಳು ಸುಮ್ಮನೆ ಎಲ್ಲರನ್ನೂ ಕೊನೆಯವರೆಗೆ ಕಾಯಿಸಬಾರದೆಂದು, ಹಿಂದಿನ ವರ್ಷಗಳ ಅಂಕಿಅಂಶ ನೋಡಿ, ಯಾವ ಸುತ್ತಿನಲ್ಲಿ ಎಷ್ಟು ಜನರನ್ನು ಕರೆಯಬಹುದು ಎಂದು ಒಂದೊಂದು ಮನೆಗೂ ಸಂಖ್ಯೆ ನಿಗದಿಪಡಿಸುತ್ತಾರೆ. ಬೇಡಿಕೆ ಹೆಚ್ಚಿರುವ ಮನೆ ಬೇಗನೆ ಹೆಚ್ಚು ಜನರನ್ನು ಕೈಬಿಡಬೇಕು. ವೈನಿಯ ಅಣ್ಣನ ಮಗಳ ಪಟ್ಟಿ ಮೂರೇ ದಿನದಲ್ಲಿ ಕರಗಿದ್ದಕ್ಕೆ ಇದೂ ಒಂದು ಕಾರಣವಿರಬಹುದು ಎಂದು ಫೋನಿನಲ್ಲಿ ಅವರಣ್ಣನಿಗೆ ಹೇಳಿದೆ. "ಹಾಗಾದರೆ ಇದು ಕಟ್ ಆಫ್," ಎಂದರು, ದನಿ ಸ್ವಲ್ಪ ಹಗುರಾಗಿತ್ತು. ಕೊನೆಗೆ ಎರಡು ಮನೆ ಉಳಿದವು, ಅವಳು ಎರಡನ್ನೂ ಬರೆದಳು, ಎರಡನೆಯದು ಸಿಕ್ಕಿತು. ಈಗ ಅಲ್ಲೇ ಇದ್ದಾಳೆ.

ಎರಡನ್ನೂ ಬರೆದದ್ದು ಸಣ್ಣ ವಿಷಯವಲ್ಲ. ಅರ್ಥಶಾಸ್ತ್ರಜ್ಞರಾದ ಸೂಸನ್ ಮಾಂಜೆಲ್ ಮತ್ತು ಆಲ್ವಿನ್ ರಾತ್ 1991ರಲ್ಲಿ ಈ ಆಯ್ಕೆಯ ಬಗ್ಗೆಯೇ ಒಂದು ಪ್ರಬಂಧ ಬರೆದರು. 1928ರ ಸುಮಾರಿಗೆ ಬಂದ ಆಗಿನ ಹೊಂದಾಣಿಕೆ ಪದ್ಧತಿ, ಎಲ್ಲರೂ ಮನಸ್ಸಿನಲ್ಲಿದ್ದುದನ್ನು ಪೂರ್ತಿ ಬರೆದರೆ ಕೆಲವೊಮ್ಮೆ ಸಿಕ್ಕುಬೀಳಬಹುದಿತ್ತು. ಅಷ್ಟು ವರ್ಷ ಅದು ನಡೆದುಬಂದದ್ದು ಬಹಳಷ್ಟು ಹುಡುಗಿಯರು ಒಂದೇ ಒಂದು ಮನೆಯ ಹೆಸರು ಬರೆದು ಕೊಡುತ್ತಿದ್ದುದರಿಂದ! ಇಂಥ ಹೊಂದಾಣಿಕೆಗಳ ಅಧ್ಯಯನಕ್ಕೇ 2012ರಲ್ಲಿ ರಾತ್ ಅವರಿಗೆ, ಲಾಯ್ಡ್ ಶಾಪ್ಲಿಯವರೊಂದಿಗೆ, ನೊಬೆಲ್ ಬಂತು. ಶಾಪ್ಲಿ ಮತ್ತು ಡೇವಿಡ್ ಗೇಲ್ 1962ರಲ್ಲಿ ತೋರಿಸಿದ ಆಲ್ಗರಿದಮ್ಮಿನ ಬಂಧುವೇ ಇಂದು ನಮ್ಮ ಐಐಟಿ, ಎನ್‌ಐಟಿ ಸೀಟುಗಳನ್ನು ಹಂಚುವುದು.

ಆದರೆ ಒಂದು ವ್ಯತ್ಯಾಸವಿದೆ. 1994ರಲ್ಲಿ ಕರ್ನಾಟಕದಲ್ಲಿ ಸಿಇಟಿ ಬಂದ ಮೇಲೆ ಸೀಟು ಪಡೆದ ನಮ್ಮ ತಲೆಮಾರಿಗೆ ಕಾಲೇಜಿನ ಮನಸ್ಸೆಂಬುದೇ ಇರಲಿಲ್ಲ. ರ‍್ಯಾಂಕ್ ಇತ್ತು, ಖಾಲಿ ಸೀಟಿನ ಪಟ್ಟಿ ಇತ್ತು. ನನ್ನ ನಗು ಸರಿಯಿಲ್ಲವೆಂದು ಯಾವ ಇಂಜಿನಿಯರಿಂಗ್ ಕಾಲೇಜೂ ಹೇಳುವಂತಿರಲಿಲ್ಲ. ಸೊರಾರಿಟಿಯಲ್ಲಿ ಮನೆಗೂ ಮನಸ್ಸಿದೆ, ಅದರ ಪಟ್ಟಿ ಗುಟ್ಟು. ಆಲ್ಗರಿದಮ್ ಎಷ್ಟು ನ್ಯಾಯವಾಗಿದ್ದರೂ ಅದಕ್ಕೆ ಸಿಗುವುದು ಕೊಟ್ಟ ಪಟ್ಟಿ ಮಾತ್ರ. ಪಟ್ಟಿ ಮಾಡುವವರು ಯಾರು?

ಅಲಬಾಮಾ ವಿಶ್ವವಿದ್ಯಾಲಯದ ಬಾಗಿಲಲ್ಲಿ ರಾಜ್ಯಪಾಲ ಜಾರ್ಜ್ ವಾಲೇಸ್ ಕಪ್ಪು ವಿದ್ಯಾರ್ಥಿಗಳನ್ನು ತಡೆಯಲು ನಿಂತದ್ದು 1963ರಲ್ಲಿ. ಐವತ್ತು ವರ್ಷದ ನಂತರ, 2013ರ ಸೆಪ್ಟೆಂಬರಿನಲ್ಲಿ, ಅಲ್ಲಿಯ ವಿದ್ಯಾರ್ಥಿ ಪತ್ರಿಕೆ 'ಕ್ರಿಮ್ಸನ್ ವೈಟ್' ಒಂದು ವರದಿ ಪ್ರಕಟಿಸಿತು. ಅಂಕ, ಮನೆತನ ಯಾವುದಕ್ಕೂ ಕೊರತೆಯಿಲ್ಲದ ಒಬ್ಬ ಕಪ್ಪು ಹುಡುಗಿಯನ್ನು ಹಳೆಯ ಬಿಳಿಯರ ಸೊರಾರಿಟಿಗಳಲ್ಲಿ ಒಂದೂ ತೆಗೆದುಕೊಳ್ಳಲಿಲ್ಲ. ಮನೆಯೊಳಗಿನ ಹುಡುಗಿಯರೇ ಪತ್ರಿಕೆಗೆ ಹೇಳಿದರು: ನಮಗೆ ಆಕೆ ಬೇಕಿತ್ತು, ಹಳೆಯ ಸದಸ್ಯೆಯರು ಬಿಡಲಿಲ್ಲ. ದೇಶವೆಲ್ಲ ಸುದ್ದಿಯಾಗಿ, ವಿಶ್ವವಿದ್ಯಾಲಯ ಆಹ್ವಾನವನ್ನು ಮತ್ತೆ ತೆರೆಸಿದ ಮೇಲೆ ಕೆಲವು ಕಪ್ಪು ಹುಡುಗಿಯರು ಒಳಗೆ ಬಂದರು. ವೈನಿಯ ಮೂರನೆಯ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ನನಗೆ ಸಿಗಲಿಲ್ಲ. ಪದೇ ಪದೇ ಕೇಳುವ ಪದ 'ಫಿಟ್'. ನೀನು ನಮಗೆ ಹೊಂದುವುದಿಲ್ಲ, ಅಷ್ಟೇ.

ಹೊರಗುಳಿದವರು ತಮ್ಮ ಮನೆ ತಾವೇ ಕಟ್ಟಿಕೊಂಡರು. 1908ರಲ್ಲಿ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಕಪ್ಪು ಹೆಣ್ಣುಮಕ್ಕಳ ಆಲ್ಫಾ ಕಾಪಾ ಆಲ್ಫಾ ಶುರುವಾಯಿತು. ನಮ್ಮ ಚೆನ್ನೈ ಮೂಲದ ತಾಯಿಯ ಮಗಳು ಕಮಲಾ ಹ್ಯಾರಿಸ್ ಸೇರಿದ್ದು ಅದನ್ನೇ. 1909ರಲ್ಲಿ ಯಹೂದಿ ಹುಡುಗಿಯರದು, 1920ರ ದಶಕದ ಕೊನೆಗೆ ಲಾಸ್ ಏಂಜಲಿಸ್‌ನಲ್ಲಿ ಜಪಾನೀ ಮೂಲದವರದು. 1998ರಲ್ಲಿ ಟೆಕ್ಸಾಸಿನ ಆಸ್ಟಿನ್ ಮತ್ತು ಹ್ಯೂಸ್ಟನ್‌ಗಳಲ್ಲಿ ದಕ್ಷಿಣ ಏಷ್ಯಾದವರ ಕಾಪಾ ಫೈ ಗಾಮಾ, ಡೆಲ್ಟಾ ಫೈ ಒಮೇಗಾ ಹುಟ್ಟಿದವು.

ಇದನ್ನು ವೈನಿಗೆ ವಿವರಿಸುವಾಗ ಅವರು ನಕ್ಕರು. "ನಮ್ಮ ಬೋರ್ಡಿಂಗಿನ ಕತೀನ ಆತಲ್ರೀ." ಹೌದಲ್ಲ. ಧಾರವಾಡವೂ ಮುಂಬೈಯೂ ಒಂದೇ ಬಾಂಬೆ ಪ್ರಾಂತ್ಯದಲ್ಲಿದ್ದ ಕಾಲದ ಬೋರ್ಡಿಂಗುಗಳನ್ನು ನೆನೆಯಿರಿ. ಪಕ್ಕದ ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು 1896ರಲ್ಲಿ ಎಲ್ಲ ಜಾತಿಯವರಿಗೂ ಒಂದು ವಿದ್ಯಾರ್ಥಿ ನಿಲಯ ತೆರೆದರು. ಕಾಗದದ ಮೇಲೆ ಎಲ್ಲರಿಗೂ ಬಾಗಿಲು ತೆರೆದಿತ್ತು, ನಡೆಸುವವರು ಒಂದೇ ಜಾತಿಯವರಾದ್ದರಿಂದ ಒಳಗೆ ಉಳಿದವರೂ ಬಹುಪಾಲು ಅವರೇ. ಇದನ್ನು ಕಂಡ ಶಾಹೂ 1901ರಿಂದ ಮರಾಠ, ಜೈನ, ಮುಸ್ಲಿಂ, ಲಿಂಗಾಯತ, ಅಸ್ಪೃಶ್ಯರೆನಿಸಿಕೊಂಡವರು ಎಂದು ಬೇರೆ ಬೇರೆ ಬೋರ್ಡಿಂಗುಗಳನ್ನು ತೆರೆಸುತ್ತ ಹೋದರು. ಅಂಬೇಡ್ಕರರು 1928ರಲ್ಲಿ ಶಿಕ್ಷಣ ಸಂಸ್ಥೆ ಕಟ್ಟಿ ದಲಿತ ಹುಡುಗರಿಗೆ ನಿಲಯಗಳನ್ನು ತೆರೆದಾಗ ಧಾರವಾಡಕ್ಕೂ ಒಂದು ಬಂತು. ಮುಂಬೈಯಲ್ಲಿ ಗೋವೆಯ ಹಡಗು ಕೆಲಸದವರ 'ಕೂಡ್'ಗಳಿಗೆ ಊರಿನ ಹೆಸರೇ ಪ್ರವೇಶ ಪತ್ರ. ನಮ್ಮ ಕರಾವಳಿಯವರದ್ದೂ ಅದೇ ದಾರಿ: ಶಿಕಾಗೋದ ಒಕ್ಕೂಟ ಹುಟ್ಟಿದ 1902ರಲ್ಲೇ ಇಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರಲ್ಲಿ ಬಂಟರ ಸಂಘ, 1932ರಲ್ಲಿ ಬಿಲ್ಲವರ ಅಸೋಸಿಯೇಶನ್.

ಇವುಗಳಿಂದ ಓದಿ ಮೇಲೆ ಬಂದವರ ಮಕ್ಕಳು ನಾವು, ನೀವು. ಹೀಗಾಗಿ ನನಗೆ ಇವನ್ನು ಸುಲಭವಾಗಿ ಬೈಯಲು ಬರುವುದಿಲ್ಲ. ಫಾರಮ್ಮಿನಲ್ಲಿ ಜಾತಿ ಎಂದು ಬರೆದೇ ಕೇಳುವುದು, 'ಫಿಟ್' ಎನ್ನುವುದಕ್ಕಿಂತ ಪ್ರಾಮಾಣಿಕ ಎಂದೂ ಅನ್ನಿಸುತ್ತದೆ. ಆದರೆ ಆಂಟಾಪ್ ಹಿಲ್‌ನಲ್ಲಿ ಪಿಜಿ ಹುಡುಕುವ ಹುಡುಗಿಗೆ ಮನೆ ಮಾಲೀಕರು "ವೆಜ್ಜಾ?" ಎಂದಷ್ಟೇ ಕೇಳಿದಾಗ ಅದು ಅಡಿಗೆಯ ಪ್ರಶ್ನೆಯಲ್ಲವೆಂದು ಅವಳಿಗೂ ಗೊತ್ತು, ಮಾಲೀಕರಿಗೂ ಗೊತ್ತು. ಬೋರ್ಡಿಂಗಿನಲ್ಲೂ ಜೊತೆಗೆ ಊಟ ಮಾಡುವ ಹುಡುಗರು ಯಾರು ಒಳಗೆ ಬರಬೇಕೆಂದು ತೀರ್ಮಾನಿಸುತ್ತಿರಲಿಲ್ಲ. ತೀರ್ಮಾನ ಕಮಿಟಿಯದು, ದಾನಿಗಳದು, ಊರ ಹಿರಿಯರ ಚೀಟಿಯದು. ಅಲಬಾಮಾದ ಹಳೆಯ ಸದಸ್ಯೆಯರ ಹಾಗೆಯೇ ಅವರಾರೂ ಆ ಮನೆಯಲ್ಲಿ ಮಲಗುವವರಲ್ಲ.

ಇವೆಲ್ಲ ಹೆಚ್ಚಾಗಿ ಗಂಡುಮಕ್ಕಳ ಕಥೆ. ಮುಂಬೈಯಲ್ಲಿ ಹೆಣ್ಣುಮಕ್ಕಳ ಮನೆಯೊಂದರ ಕಥೆಗೆ ಕರ್ನಾಟಕವೂ ಅಮೆರಿಕವೂ ಎರಡೂ ಬರುತ್ತವೆ. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಅಲ್ಲಿ ಹುಡುಗಿಯರು ಗ್ರೀಕ್ ಅಕ್ಷರದ ಮನೆಗಳನ್ನು ಕಟ್ಟಿಕೊಳ್ಳುತ್ತಿದ್ದ ವರ್ಷಗಳಲ್ಲೇ, 1886ರಿಂದ 1888ರವರೆಗೆ, ಆಕೆ ಅಮೆರಿಕದಲ್ಲಿ ಊರೂರು ತಿರುಗಿ ಹೆಂಗಸರ ಮುಂದೆ ಭಾರತದ ವಿಧವೆಯರ ಬಗ್ಗೆ ಮಾತಾಡಿದರು. 1887ರಲ್ಲಿ ಬಾಸ್ಟನ್ನಿನಲ್ಲಿ ರಮಾಬಾಯಿ ಅಸೋಸಿಯೇಶನ್ ಆಯಿತು, ಹತ್ತು ವರ್ಷ ಹಣ ಕಳಿಸುವ ಭರವಸೆ ಕೊಟ್ಟಿತು. 1889ರ ಮಾರ್ಚಿನಲ್ಲಿ ಮುಂಬೈಯ ಚೌಪಾಟಿಯ ಬಳಿ ಶಾರದಾ ಸದನ ತೆರೆಯಿತು. ಅಲ್ಲಿ ನಗು ನೋಡಿ ಆರಿಸುವ ಮಾತಿರಲಿಲ್ಲ. ಮುಖ್ಯವಾಗಿ ಮೇಲ್ಜಾತಿಯ ವಿಧವೆಯರ ಓದಿಗೆಂದು ತೆರೆದ ಮನೆ ಅದು. ಮಡಿ, ಊಟದ ನೇಮ ಅವರವರಿಗೆ ಬಿಟ್ಟದ್ದು.

ಮೊದಲ ವಿಧವೆ ವಿದ್ಯಾರ್ಥಿನಿ ಗೋದೂಬಾಯಿ. ಮುಂದಿನ ವರ್ಷ ಸದನ ಪುಣೆಗೆ ಹೋಯಿತು. ರಮಾಬಾಯಿ ಆಗಲೇ ಕ್ರೈಸ್ತರಾಗಿದ್ದರು, ಕೆಲವು ಹುಡುಗಿಯರು ಅವರ ಪ್ರಾರ್ಥನೆಯಲ್ಲಿ ಕೂರುತ್ತಾರೆಂಬ ಸುದ್ದಿ ಹಬ್ಬಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಸಲಹಾ ಸಮಿತಿ ಬಿಟ್ಟರು. ಪೋಷಕರು ಒಬ್ಬೊಬ್ಬರಾಗಿ ಬಂದು ಹುಡುಗಿಯರನ್ನು ಕರೆದುಕೊಂಡು ಹೋದರು. ಓದು ಮುಗಿದಿತ್ತೇ ಎಂದು ಯಾರೂ ಕೇಳಲಿಲ್ಲ. ಗೋದೂಬಾಯಿ ಅದೇ ವರ್ಷ ಧೋಂಡೋ ಕೇಶವ ಕರ್ವೆಯವರನ್ನು ಮರುಮದುವೆಯಾಗಿ ಆನಂದಿಬಾಯಿಯಾದರು. ದಂಪತಿ ಕೊಂಕಣದ ಮುರುಡಿಗೆ, ಕರ್ವೆಯವರ ಸ್ವಂತ ಊರಿಗೆ ಹೋದಾಗ, ಊರವರು ಸಭೆ ಸೇರಿ ಬಹಿಷ್ಕಾರ ಹಾಕಿದರು.